ಯುಗಾದಿಯ ಅಂಬರಗುಬ್ಬಿ

ಭಾನುಮತಿಯ ಬಾಯಿಗೆ ಹೆದರಿ ಕೈ ತೊಳೆದುಕೊಳ್ಳುವವರು ಆ ಕೆರೆಯ ದಡದಲ್ಲಿ ಬಹಳ ಮಂದಿ ಇದ್ದರು. ಹಕ್ಕಿ ಹಿಡಿಯುವ ಬಲೆಯ ಹತ್ತಿರ ಯಾರಾದರೂ ಹೊಸಬರು ಸುಳಿದರೆ ಸಾಕು, ಈಕೆ ಮೊದಲು ಅವರ ಅಂಗೈಯನ್ನು ಮೂಸಿ ನೋಡುತ್ತಿದ್ದಳು. ಸೊಳ್ಳೆಗೆ ಹಚ್ಚುವ ಕ್ರೀಮು, ಬಿಸಿಲಿಗೆ ಹಚ್ಚುವ ಕ್ರೀಮು, ತಲೆಗೆ ಹಾಕಿದ ಎಣ್ಣೆಯ ಜಿಡ್ಡು, ಏನೊಂದರ ವಾಸನೆ ಬಂದರೂ ಸೋಪು ಕೊಟ್ಟು ನಲ್ಲಿಯ ಕಡೆಗೆ ಅಟ್ಟುತ್ತಿದ್ದಳು. ಪುಕ್ಕಕ್ಕೆ ಜಿಡ್ಡು ತಾಗಿದರೆ ಎಳೆಗಳು ಒಂದಕ್ಕೊಂದು ಅಂಟುತ್ತವೆ, ನೀರು ಒಳಗೆ ಇಳಿಯುತ್ತದೆ, ಹಕ್ಕಿಯ ಮೈಬಿಸಿ ಸೋರಿಹೋಗುತ್ತದೆ ಎಂದು ಮಗ್ಗಿ ಒಪ್ಪಿಸಿದ ಹಾಗೆ ಹೇಳುತ್ತಿದ್ದಳು. ಊರಿಗೆಲ್ಲ ಶಕುನ ಹೇಳುವ ಹಲ್ಲಿ ತಾನೇ ಹೋಗಿ ಬಚ್ಚಲಿಗೆ ಬಿತ್ತಂತೆ. ಆ ಗಾದೆ ಕಟ್ಟಿದ ಪುಣ್ಯಾತ್ಮರು ಭಾನುಮತಿಯನ್ನು ಕಂಡವರಲ್ಲ, ಆದರೂ ಹೇಗೆ ಕಟ್ಟಿಬಿಟ್ಟರೋ!

ಹೇಳಿ ಕೇಳಿ ಮೈಸೂರಿನ ಹೆಂಗಸು. ಗಂಡ ದೇವೇಂದ್ರನಿಗೆ ಸೈಬರ್‌ಜಯಾದಲ್ಲಿ ಸಾಫ್ಟ್‌ವೇರ್ ಕೆಲಸ. ಅವನ ವೀಸಾದ ಬಾಲ ಹಿಡಿದುಕೊಂಡು ಇವಳೂ ಮಗಳು ಪೂರ್ವಿಯೂ ಮಲೇಶಿಯಾಕ್ಕೆ ಬಂದವರು. ಹೆಂಡತಿ ಎಂದು ಕೊಟ್ಟ ವೀಸಾದಲ್ಲಿ ಕೆಲಸಕ್ಕೆ ಸೇರುವ ಹಾಗಿಲ್ಲ. ಮೈಸೂರಿನಲ್ಲಿ ಬ್ಯಾಂಕಿನ ಕೌಂಟರಿನ ಹಿಂದೆ ಕೂತು, ಸಾಲು ತಪ್ಪಿಸಿ ನುಗ್ಗುವವರನ್ನು ಗದರಿಸುತ್ತ ಆರಾಮಾಗಿದ್ದವಳು ಈ ಮುಗಿಲೆತ್ತರದ ಫ್ಲ್ಯಾಟಿನಲ್ಲಿ ಯಾರನ್ನು ಗದರಿಸಬೇಕು? ಗಂಡ ಕಿವಿಗೆ ಹೆಡ್‌ಫೋನ್ ಏರಿಸಿ ಮೀಟಿಂಗಿನಲ್ಲಿರುತ್ತಿದ್ದ. ಮಗಳು ಅಮ್ಮ ಕನ್ನಡದಲ್ಲಿ ಬೈದರೆ ಇಂಗ್ಲಿಷಿನಲ್ಲಿ ಸಾರಿ ಕೇಳುತ್ತಿದ್ದಳು. ಬೈದ ಸುಖವೇ ಸಿಗುತ್ತಿರಲಿಲ್ಲ.

ಹಕ್ಕಿ ಅವಳ ಬದುಕಿಗೆ ಬಂದದ್ದು ಹಿಕ್ಕೆಯ ರೂಪದಲ್ಲಿ. ಒಂದು ಸಂಜೆ ಭಾರತದವರ ಅಂಗಡಿಗಳೇ ತುಂಬಿರುವ ಬ್ರಿಕ್‌ಫೀಲ್ಡ್ಸ್‌ನಲ್ಲಿ ಕರಿಬೇವು, ಹುಣಸೆಹಣ್ಣು ಕೊಂಡು ಅಂಗಡಿಯಿಂದ ಹೊರಗೆ ಕಾಲಿಟ್ಟಿದ್ದಾಳೆ, ಹೊಸ ರೇಷ್ಮೆ ಸೀರೆಯ ಹೆಗಲ ಮೇಲೆ ಪಿಚಕ್ಕೆಂದು ಬಿತ್ತು. ಯಾವ ದರಿದ್ರದ್ದು ಇದು ಎಂದು ಬೈಯಲು ತಲೆ ಎತ್ತಿದವಳು ಬಾಯಿ ತೆರೆದುಕೊಂಡೇ ನಿಂತುಬಿಟ್ಟಳು. ರಸ್ತೆಯ ಮೇಲಿನ ಕರೆಂಟು ತಂತಿಗಳಲ್ಲಿ ತಂತಿಯೇ ಕಾಣದಂತೆ ಸಾವಿರಾರು ಪುಟ್ಟ ಹಕ್ಕಿಗಳು. ಕವಲೊಡೆದ ಬಾಲ, ನೀಲಿ ಮಿರುಗುವ ಬೆನ್ನು, ಕೊರಳಲ್ಲಿ ಇಟ್ಟಿಗೆಯ ಕೆಂಪು. ಅಂಬರಗುಬ್ಬಿ ಎಂಬ ಕನ್ನಡದ ಹೆಸರನ್ನು ಆಮೇಲೆ ಹುಡುಕಿಕೊಂಡಳು. ಚೀನಾದಿಂದ, ಅದಕ್ಕೂ ಆಚೆಯ ಹಿಮದ ಸೀಮೆಗಳಿಂದ ಚಳಿಗೆ ಹೆದರಿ ಇಲ್ಲಿಗೆ ಬರುತ್ತವಂತೆ. ಅಲ್ಲಿ ವಸಂತ ಕಾಲಿಡುವ ಹೊತ್ತಿಗೆ, ಮಾರ್ಚಿ ಕಳೆಯುತ್ತ ಬಂದ ಹಾಗೆ, ಒಂದೊಂದೇ ಗುಂಪಾಗಿ ಎದ್ದು ಮತ್ತೆ ಉತ್ತರಕ್ಕೆ ಹೋಗುತ್ತವಂತೆ. ಒಂದು ನಿಂಬೆಹಣ್ಣಿನಷ್ಟೂ ತೂಗದ ಜೀವ! ಭಾನುಮತಿ ಆ ರಾತ್ರಿ ಸೀರೆ ಒಗೆಯುವುದನ್ನೇ ಮರೆತಳು.

ಹುಡುಕಿಕೊಂಡು ಹೋಗಿ ಸೇರಿದ್ದು ಚಿಕ್ಗು ಯೋಂಗ್ ಅವರ ಗುಂಪಿಗೆ. ಚಿಕ್ಗು ಎಂದರೆ ಮಲಯ ಭಾಷೆಯಲ್ಲಿ ಟೀಚರು. ಸ್ಕೂಲಿನಿಂದ ನಿವೃತ್ತರಾದ ಆ ಚೀನೀ ಹೆಂಗಸು ಮನೆಯಿಂದ ಸ್ವಲ್ಪ ದೂರದ ಹಳೆಯ ತವರದ ಗಣಿಯ ಕೆರೆಯಲ್ಲಿ, ಜೊಂಡಿನ ನಡುವೆ ಕಣ್ಣಿಗೆ ಕಾಣದಷ್ಟು ತೆಳುವಾದ ಬಲೆ ಕಟ್ಟಿ, ರಾತ್ರಿ ತಂಗಲು ಬರುವ ಅಂಬರಗುಬ್ಬಿಗಳನ್ನು ಹಿಡಿದು, ಕಾಲಿಗೆ ನಂಬರಿನ ಉಂಗುರ ತೊಡಿಸಿ ಬಿಡುತ್ತಿದ್ದರು. ಎಲ್ಲೋ ಯಾರಿಗೋ ಆ ಹಕ್ಕಿ ಸಿಕ್ಕಿ ನಂಬರು ತಿಳಿಸಿದರೆ ಅದು ಎಲ್ಲಿಂದ ಎಲ್ಲಿಗೆ ಹೋಯಿತೆಂದು ಗೊತ್ತಾಗುತ್ತದೆ. "ನಿಮ್ಮಮ್ಮ ಹಕ್ಕಿಗಳಿಗೆಲ್ಲ ಕಾಲುಂಗುರ ತೊಡಿಸಿ ಗಂಡನ ಮನೆಗೆ ಕಳಿಸ್ತಾಳೆ ಕಣೇ ಪೂರ್ವಿ" ಎಂದು ದೇವೇಂದ್ರ ರೇಗಿಸುತ್ತಿದ್ದ. ರೇಗಿಸಿದರೂ ಕರೆದ ಹೊತ್ತಿಗೆ ಕಾರು ತೆಗೆಯುತ್ತಿದ್ದ. ಕಾರಿಲ್ಲದೆ ಆ ಊರಿನಲ್ಲಿ ಕೊತ್ತಂಬರಿ ಸೊಪ್ಪೂ ಸಿಗುವುದಿಲ್ಲ.

ಚಿಕ್ಗು ಸುಲಭಕ್ಕೆ ಒಲಿಯುವ ಆಸಾಮಿಯಲ್ಲ. ವರ್ಷಗಟ್ಟಲೆ ಭಾನುಮತಿಗೆ ಸಿಕ್ಕ ಕೆಲಸ ಬಟ್ಟೆಯ ಚೀಲ ಹಿಡಿಯುವುದು, ನಂಬರು ಬರೆಯುವುದು, ಬಲೆಯ ಸಿಕ್ಕು ಬಿಡಿಸುವುದು. ಆಮೇಲೆ ಚಿಕ್ಗುವಿನ ಕೈಯ ಪಕ್ಕದಲ್ಲೇ ಕೈ ಇಟ್ಟು ಹಕ್ಕಿ ಹಿಡಿಯುವುದು. ಈ ವರ್ಷ ಮಾತ್ರ, ಹಕ್ಕಿಗಳು ಹೊರಡುವ ಮೊದಲು ಒಂದನ್ನಾದರೂ ಮೊದಲಿನಿಂದ ಕೊನೆಯವರೆಗೆ ನೀನೊಬ್ಬಳೇ ಮಾಡಬೇಕು, ನಾನು ಸುಮ್ಮನೆ ನೋಡುತ್ತೇನೆ, ಸರಿ ಬಂದರೆ ಮುಂದೆ ನೀನೇ ಉಂಗುರ ಹಾಕಬಹುದು ಎಂದಿದ್ದರು. ಅವತ್ತಿನಿಂದ ಭಾನುಮತಿಗೆ ಅನ್ನ ಸೇರುತ್ತಿರಲಿಲ್ಲ. ಸಂಬಳವಿಲ್ಲದಿದ್ದರೆ ಏನಾಯಿತು, ಈ ದೇಶದಲ್ಲಿ ಅವಳದೇ ಎನ್ನುವಂಥ ಒಂದು ಕೆಲಸ!

ಆ ಗಳಿಗೆ ಬಂದದ್ದು ಯುಗಾದಿಯ ದಿನ. ಆ ಸಲ ಯುಗಾದಿಯೂ ಮುಸಲ್ಮಾನರ ಉಪವಾಸದ ತಿಂಗಳ ಕೊನೆಯೂ ಒಟ್ಟಿಗೆ ಬಂದಿದ್ದವು. ಬೆಳಿಗ್ಗೆ ಬೇವು ಬೆಲ್ಲ, ಪೂಜೆ, ಹೋಳಿಗೆ ಎಲ್ಲ ಮುಗಿಸಿ, ಹಬ್ಬದ ದಿನ ಬರಿಗೈಯಲ್ಲಿ ಹೋಗಬಾರದೆಂದು ಒಂದು ಡಬ್ಬಿ ತುಂಬ ಹೋಳಿಗೆಯನ್ನೂ ಒಂದು ಸಣ್ಣ ಬಾಟಲಿಯಲ್ಲಿ ಮನೆಯಲ್ಲೇ ಕಾಯಿಸಿದ ತುಪ್ಪವನ್ನೂ ಕಟ್ಟಿಕೊಂಡು ಸಂಜೆ ಕೆರೆಗೆ ಹೋದಳು. ಮೋಡ ದಟ್ಟವಾಗಿತ್ತು. ಬಲೆ ಕಟ್ಟಿ ಆಗಿತ್ತು. ಜೊತೆಯಲ್ಲಿ ಇದ್ದವಳು ಫೌಜಿಯಾ, ಆಸ್ಪತ್ರೆಯ ನರ್ಸು, ಬೆಳಗಿನಿಂದ ಹನಿ ನೀರೂ ಮುಟ್ಟದೆ ಉಪವಾಸವಿದ್ದವಳು.

ಸೂರ್ಯ ಮುಳುಗಿದ್ದೇ ತಡ, ದೂರದ ಮಸೀದಿಯಿಂದ ಬಾಂಗ್ ಕೇಳಿಸಿತು. ಅದೇ ಗಳಿಗೆಗೆ ಆಕಾಶದಿಂದ ಹಕ್ಕಿಗಳೂ ಇಳಿಯತೊಡಗಿದವು. ಫೌಜಿಯಾ ಚೀಲದಿಂದ ಒಂದು ಖರ್ಜೂರ ತೆಗೆದು ಬಾಯಿಗೆ ಹಾಕಿಕೊಂಡಳು. ಉಪವಾಸ ಬಿಡುವವಳ ಮುಂದೆ ಡಬ್ಬಿ ಮುಚ್ಚಿಟ್ಟುಕೊಂಡು ಕೂರುವ ಹೆಂಗಸೇ ಭಾನುಮತಿ?

"ತಿನ್ನು ತಿನ್ನು, ಹಬ್ಬ ನಂದು, ಉಪವಾಸ ನಿಂದು" ಎಂದು ಹೋಳಿಗೆ ತೆಗೆದು ಅವಳ ಕೈಗಿಟ್ಟು, ಮೇಲೆ ತುಪ್ಪ ಸುರಿದು, ಬೆರಳಿನಿಂದಲೇ ಸವರಿದಳು.

"ಕಾಕ್ ಬಾನು, ಇನ್ನೊಂದು ಇದೆಯಾ?" ಎಂದು ಫೌಜಿಯಾ ನಕ್ಕಳು. ಕಾಕ್ ಎಂದರೆ ಅಕ್ಕ. ಅಕ್ಕ ಎಂದು ಕರೆದು ಎರಡನೆಯದು ಕೇಳಿದರೆ ಯಾವ ಮೈಸೂರಿನವಳ ಎದೆ ಉಬ್ಬುವುದಿಲ್ಲ? ಎರಡನೆಯದನ್ನೂ ಹಾಕಿ, ಇನ್ನಷ್ಟು ತುಪ್ಪ ಸುರಿದಳು.

"ಬಾನು! ಬೇಗ ಬಾ ಲಾ! ಇವತ್ತು ನಿಂದೇ!" ಬಲೆಯ ಹತ್ತಿರದಿಂದ ಚಿಕ್ಗು ಕೂಗಿದರು. ಆ ಊರಿನವರ ಮಾತಿನ ಬಾಲಕ್ಕೆ ಒಂದು ಲಾ ಇದ್ದೇ ಇರುತ್ತದೆ. ಅವರ ಕೈಯಲ್ಲಿ ಬಟ್ಟೆಯ ಚೀಲವೊಂದು ಒಳಗಿನಿಂದ ಮಿಸುಕುತ್ತಿತ್ತು.

ಭಾನುಮತಿಯ ಕೈ ಆಗ ಮಾಡಿದ್ದು ಅವಳ ತಲೆಯನ್ನು ಕೇಳಿ ಮಾಡಿದ್ದಲ್ಲ. ಅವಳ ಮನೆಯಲ್ಲಿ ಅಜ್ಜಿಯ ಕಾಲದಿಂದ ತುಪ್ಪದ ಕೈಯನ್ನು ತೊಳೆಯುವ ಪದ್ಧತಿ ಇಲ್ಲ. ಬೆಣ್ಣೆ ಕಾಯಿಸಿದ ತುಪ್ಪ, ದೇವರ ಮುಂದೆ ದೀಪಕ್ಕೆ ಹಾಕುವ ತುಪ್ಪ, ಅದನ್ನು ನೀರಿಗೆ ಚೆಲ್ಲುತ್ತಾರೆಯೇ? ಎರಡು ಅಂಗೈ ಉಜ್ಜಿ, ಮುಂಗೈಗೆ ಸವರಿಕೊಂಡರೆ ಮುಗಿಯಿತು. ಹಾಗೇ ಉಜ್ಜಿಕೊಂಡು ಓಡಿದಳು. ಕ್ರೀಮು, ಎಣ್ಣೆ, ಲೋಶನ್ನು ಎಲ್ಲವನ್ನೂ ಊರವರ ಅಂಗೈಯಲ್ಲಿ ಮೂಸಿ ಹಿಡಿಯುತ್ತಿದ್ದವಳಿಗೆ ತುಪ್ಪವೂ ಜಿಡ್ಡೇ ಎಂದು ಹೊಳೆಯಲಿಲ್ಲ. ಅವಳ ಲೆಕ್ಕದಲ್ಲಿ ಅದು ಪ್ರಸಾದದ ಪಂಕ್ತಿಯದು.

ಚೀಲದೊಳಕ್ಕೆ ಕೈ ಹಾಕಿ ಹಕ್ಕಿಯನ್ನು ತೆಗೆದಳು. ಕತ್ತು ಎರಡು ಬೆರಳಿನ ಸಂದಿನಲ್ಲಿ, ಬೆನ್ನು ಅಂಗೈಗೆ, ಹಗುರವಾದ ಹಿಡಿತ. ಎದೆ ಟಕಟಕನೆ ಹೊಡೆದುಕೊಳ್ಳುತ್ತಿತ್ತು, ಹಕ್ಕಿಯದೂ, ಅವಳದೂ. ಇಕ್ಕಳದಿಂದ ಉಂಗುರವನ್ನು ಒತ್ತಿದಳು, ಎಳ್ಳಷ್ಟೂ ಸಂದಿಲ್ಲದೆ ಕೂಡಿಕೊಂಡಿತು. ರೆಕ್ಕೆ ಬಿಡಿಸಿ ಅಳೆದಳು. ಹೊಟ್ಟೆಯ ಪುಕ್ಕವನ್ನು ಬೆರಳಿನಿಂದ ಸರಿಸಿ, ಊದಿ, ದೂರದ ಹಾದಿಗೆ ಕೊಬ್ಬು ಎಷ್ಟು ಕೂಡಿಕೊಂಡಿದೆ ಎಂದು ನೋಡಿದಳು. ಹಳದಿಯಾಗಿ ತುಂಬಿಕೊಂಡಿತ್ತು, ನಾಳೆಯೋ ನಾಡಿದ್ದೋ ಹೊರಡುವ ಹಕ್ಕಿ. ಚಿಕ್ಗು ಹಣೆಯ ದೀಪವನ್ನು ಸರಿಮಾಡಿಕೊಂಡು, ಅವಸರವಿಲ್ಲದೆ, ಉಂಗುರವನ್ನೂ ಹಿಡಿತವನ್ನೂ ಸುತ್ತಲಿಂದ ಪರೀಕ್ಷೆ ಮಾಡಿದರು. ಅಷ್ಟು ಹೊತ್ತೂ ಹಕ್ಕಿ ಅವಳ ಕೈಯೊಳಗೇ ಇತ್ತು.

"ಚೆನ್ನಾಗಿದೆ ಲಾ. ಪಾಸ್" ಎಂದರು ಚಿಕ್ಗು.

ಭಾನುಮತಿಗೆ ಕಣ್ಣು ತುಂಬಿ ಬಂತು. ಅಂಗೈ ಬಿಚ್ಚಿದಳು. ಹಕ್ಕಿ ಅರೆಗಳಿಗೆ ಕೂತು, ಎದ್ದು ಹೋಯಿತು. ಜೊಂಡಿನ ಕಡೆಗೆ ಹೋಗದೆ, ತಗ್ಗಾಗಿ ಹಾರಿ, ರಸ್ತೆಯ ದೀಪದ ಪಕ್ಕದ ಕರೆಂಟು ತಂತಿಯ ಮೇಲೆ ಕೂತಿತು.

ಎರಡನೆಯ ಚೀಲ ಕೊಡುವ ಮೊದಲು ಚಿಕ್ಗು ಅವಳ ಕೈಯಿಂದ ಇಕ್ಕಳವನ್ನು ತೆಗೆದುಕೊಂಡರು. ಅದು ಅವರ ಬೆರಳಿನಿಂದ ಜಾರಿತು. ಬಗ್ಗಿ ಎತ್ತಿಕೊಂಡು ಮೂಗಿನ ಹತ್ತಿರ ಹಿಡಿದರು.

"ಕೈಯಲ್ಲಿ ಏನಿದೆ ಬಾನು?"

"ಏನೂ ಇಲ್ಲ ಟೀಚರ್" ಎಂದಳು ಭಾನುಮತಿ. ಎನ್ನುತ್ತಲೇ ತನ್ನ ಅಂಗೈ ನೋಡಿಕೊಂಡಳು. ದೀಪದ ಬೆಳಕಿಗೆ ಅದು ಮಿರುಗುತ್ತಿತ್ತು. ಹಿಂದೆ ಫೌಜಿಯಾ ತುಪ್ಪ ತೊಟ್ಟಿಕ್ಕುವ ಹೋಳಿಗೆ ಹಿಡಿದುಕೊಂಡು ನಿಂತಿದ್ದಳು. ಅಯ್ಯೋ ದೇವರೇ, ಅಯ್ಯೋ ನನ್ನಪ್ಪಾ, ಎಂಥ ಕೆಲಸ ಮಾಡಿಬಿಟ್ಟೆ!

ಮೂವರೂ ತಲೆಯೆತ್ತಿ ತಂತಿ ನೋಡಿದರು. ದುರ್ಬೀನು ಬೇಕಾಗಿಯೇ ಇರಲಿಲ್ಲ. ಉಳಿದ ಹಕ್ಕಿಗಳು ಒಂದೊಂದಾಗಿ ಜೊಂಡಿಗೆ ಇಳಿಯುತ್ತಿದ್ದರೆ ಅದೊಂದೇ ದೀಪದ ಬೆಳಕಿನಲ್ಲಿ ಕೂತು ಕೊಕ್ಕಿನಿಂದ ಎದೆಯನ್ನು ತೀಡುತ್ತಿತ್ತು, ತೀಡಿದ್ದನ್ನೇ ತೀಡುತ್ತಿತ್ತು. ಹೊಟ್ಟೆಯ ಪುಕ್ಕ ಎಳೆ ಎಳೆಯಾಗಿ ಅಂಟಿಕೊಂಡಿತ್ತು. ತೀಡಿದಷ್ಟೂ ಜಿಡ್ಡು ಮೈಯೆಲ್ಲ ಹರಡುತ್ತದೆ ಎಂದು ಆ ಮೂವರಿಗೂ ಗೊತ್ತಿತ್ತು. ಹಕ್ಕಿಗೆ ಗೊತ್ತಿರಲಿಲ್ಲ.

"ಹಿಡಿಯೋಣ ಟೀಚರ್, ಏಣಿ ತರಿಸೋಣ, ಕೋಲಿಗೆ ಬಲೆ ಕಟ್ಟೋಣ, ಏನಾದರೂ ಮಾಡೋಣ."

"ಕರೆಂಟು ತಂತಿ ಬಾನು. ಬೆದರಿಸಿದರೆ ಕತ್ತಲಲ್ಲಿ ಎಲ್ಲಿಗೆ ಹೋಗುತ್ತೋ. ಸುಮ್ಮನಿರು."

ಚಿಕ್ಗು ಬೈಯಲಿಲ್ಲ. ಬೈದಿದ್ದರೆ ಭಾನುಮತಿಗೆ ಎಷ್ಟೋ ನಿರಾಳವಾಗುತ್ತಿತ್ತು. ಗಾಳಿ ಎದ್ದಿತು. ಚಿಕ್ಗು ಮತ್ತು ಫೌಜಿಯಾ ಬಲೆ ಬಿಚ್ಚಿ ಸುತ್ತತೊಡಗಿದರು. ಗುಡುಗಿತು. ಮಾರ್ಚಿಯ ಸಂಜೆಯ ಮಳೆ ಅಲ್ಲಿ ಹೇಳಿ ಕೇಳಿ ಬರುವುದಿಲ್ಲ, ಬಿಂದಿಗೆ ಬೋರಲು ಹಾಕಿದ ಹಾಗೆ ಸುರಿಯುತ್ತದೆ. ಭಾನುಮತಿ ತಂತಿಯ ಕೆಳಗೆ ಹೋಗಿ ಕೊಡೆಯನ್ನು ಎತ್ತಿ ಹಿಡಿದಳು. ಮೂರಾಳೆತ್ತರದ ತಂತಿಗೆ ಕೆಳಗಿನಿಂದ ಹಿಡಿದ ಕೊಡೆ! ನೋಡಿದವರಿಗೆ ಹುಚ್ಚೇ. ಚಿಕ್ಗು ಬಂದು ತೋಳು ಹಿಡಿದು ಎಳೆದುಕೊಂಡು ಹೋಗಿ ತಮ್ಮ ಕಾರಿನೊಳಗೆ ಕೂರಿಸುವವರೆಗೆ ಅವಳು ಹಾಗೇ ನಿಂತಿದ್ದಳು. ಕಾರಿನ ಗಾಜಿನಲ್ಲಿ ನೀರಿನ ಆಚೆಗೆ ತಂತಿಯ ಮೇಲೆ ಒಂದು ಕಪ್ಪು ಚುಕ್ಕೆ ಕಾಣುತ್ತಿತ್ತು, ಆಮೇಲೆ ಅದೂ ಕಾಣಲಿಲ್ಲ.

ಮನೆಗೆ ಬಂದವಳು ಕೈ ತೊಳೆದಳು, ಮತ್ತೆ ತೊಳೆದಳು. ದೇವೇಂದ್ರನಿಗೆ ವಿಷಯ ಗೊತ್ತಿಲ್ಲ. "ಏನೇ ಭಾನು, ಎಷ್ಟು ಕಾಲುಂಗುರ?" ಎಂದ. ಅವಳು ಸಿಂಕಿನ ಮುಂದೆ ನಿಂತೇ ಅತ್ತುಬಿಟ್ಟಳು. ಮದುವೆಯಾದ ಮೇಲೆ ಅವಳು ಹಾಗೆ ಅತ್ತಿದ್ದನ್ನು ಕಂಡಿರದ ಆ ಮನುಷ್ಯ ಟವೆಲು ಹಿಡಿದುಕೊಂಡು ಪಕ್ಕದಲ್ಲಿ ನಿಂತಿದ್ದ.

ಬೆಳಗಾಗುವ ಮೊದಲೇ ಅವನೇ ಕಾರು ತೆಗೆದ. ಕೆರೆಯ ಹತ್ತಿರ ಹೋದಾಗ ಜೊಂಡಿನಿಂದ ಅಂಬರಗುಬ್ಬಿಗಳು ಒಂದೇ ಸಲಕ್ಕೆ ಎದ್ದು ಆಕಾಶಕ್ಕೆ ಏರುತ್ತಿದ್ದವು. ರಾತ್ರಿಯೆಲ್ಲ ಅಷ್ಟು ಮಳೆ ಬಂದಿದೆಯೆಂದು ಅವುಗಳನ್ನು ನೋಡಿದರೆ ಯಾರೂ ಹೇಳುವ ಹಾಗಿರಲಿಲ್ಲ. ತಂತಿ ಖಾಲಿಯಿತ್ತು. ಕೆಳಗೆ ಹುಲ್ಲಿನಲ್ಲಿ ಮೊಣಕಾಲೂರಿ ಹುಡುಕಿದಳು. ಚರಂಡಿಯ ಅಂಚಿನಲ್ಲಿ ಸಿಕ್ಕಿತು. ಒದ್ದೆಯಾಗಿ ಅರ್ಧಕ್ಕರ್ಧ ಕುಗ್ಗಿತ್ತು, ಆದರೆ ಕಣ್ಣು ಬಿಟ್ಟಿತ್ತು.

"ಬದುಕಿದೆ ರೀ!" ಎಂದು ಕೂಗಿದಳು. ದೇವೇಂದ್ರ ಅಂಗಿಯನ್ನೇ ಬಿಚ್ಚಿ ಕೊಟ್ಟ, ಸುತ್ತಿಕೊಳ್ಳಲು.

ರಂಜಾನ್ ಹಬ್ಬದ ರಜೆ, ಪ್ರಾಣಿವೈದ್ಯರೆಲ್ಲ ಬಾಗಿಲು ಹಾಕಿದ್ದರು. ಚಿಕ್ಗು ಫೋನಿನಲ್ಲಿ ಹೇಳುತ್ತ ಹೋದರು, ಇವಳು ಮಾಡುತ್ತ ಹೋದಳು. ಉಗುರುಬೆಚ್ಚನೆಯ ನೀರು, ಪಾತ್ರೆ ತೊಳೆಯುವ ಸೋಪಿನ ಒಂದು ತೊಟ್ಟು, ಮೆತ್ತಗಿನ ಬ್ರಶ್ಶು. ಆಮೇಲೆ ಬೆಚ್ಚಗಿನ ಡಬ್ಬಿ, ಮೇಲೆ ಮೇಜುದೀಪ. "ಇದು ಹಾರುತ್ತಲೇ ಹುಳ ಹಿಡಿದು ತಿನ್ನುವ ಹಕ್ಕಿ ಬಾನು, ಕೈಯಲ್ಲಿ ಕೊಟ್ಟರೆ ತಿನ್ನುವುದು ಕಷ್ಟ. ಒಣಗಿದರೆ ಸಂಜೆಗೆ ಬಿಟ್ಟುಬಿಡಬೇಕು. ನಾನೂ ಬರ್ತೀನಿ" ಎಂದರು.

ಆ ದಿನದ ಮನೆ ನೋಡಬೇಕಿತ್ತು! ಮ್ಯಾನೇಜರು ಎಂದು ಬೋರ್ಡು ಹಾಕಿಕೊಳ್ಳುವ ದೇವೇಂದ್ರ ಬಾಲ್ಕನಿಯಲ್ಲಿ ಪಂಚೆ ಎತ್ತಿ ಕಟ್ಟಿಕೊಂಡು ಸೊಳ್ಳೆ ಬ್ಯಾಟು ಬೀಸುತ್ತಿದ್ದ. ಬಿದ್ದ ಸೊಳ್ಳೆಯೆಲ್ಲ ಸುಟ್ಟು ಕರಕಲಾಗಿ ಯಾವುದಕ್ಕೂ ಬಾರದೆ ಹೋಯಿತು. ಪೂರ್ವಿ ಕೊಳೆತ ಬಾಳೆಹಣ್ಣು ಇಟ್ಟು ನೊಣ ಹಿಡಿದು, ಹುಬ್ಬು ಕೀಳುವ ಚಿಮಟದಲ್ಲಿ ಹಿಡಿದುಕೊಂಡು ಡಬ್ಬಿಯ ಮುಂದೆ ಬೋರಲು ಮಲಗಿದ್ದಳು.

"ಅಮ್ಮಾ, ಇಟ್ಸ್ ನಾಟ್ ಓಪನಿಂಗ್ ಇಟ್ಸ್ ಮೌತ್."

"ಬಲವಂತ ಮಾಡ್ಬೇಡ ಕಂದ. ಅಲ್ಲೇ ಹಿಡ್ಕೊಂಡಿರು."

ಮಧ್ಯಾಹ್ನದ ಹೊತ್ತಿಗೆ ಒಂದು ಸಲ ಕೊಕ್ಕು ತೆರೆದು ಒಂದು ನೊಣ ನುಂಗಿತು. ಪೂರ್ವಿ ಅಮ್ಮನ ಕುತ್ತಿಗೆಗೆ ಜೋತುಬಿದ್ದಳು. ಪುಕ್ಕ ಒಣಗಿ ಬೆನ್ನಿಗೆ ಮತ್ತೆ ನೀಲಿ ಬಂತು. ನಿನ್ನೆಯ ಹೋಳಿಗೆ ಡಬ್ಬಿಯಲ್ಲಿ ಹಾಗೇ ಇತ್ತು, ಯಾರಿಗೂ ತಿನ್ನಬೇಕೆನಿಸಲಿಲ್ಲ. ಮಂತ್ರಾಲಯದ ರಾಯರಿಂದ ಚಾಮುಂಡಿಬೆಟ್ಟದ ತಾಯಿಯವರೆಗೆ ಭಾನುಮತಿ ಹರಕೆ ಹೊರದ ದೇವರು ಉಳಿಯಲಿಲ್ಲ. ಒಂದು ಬಾರಿ, ಒಂದೇ ಒಂದು ಬಾರಿ ಇದು ಹಾರಿಬಿಡಲಿ. ಮುಂದೆ ನನಗೆ ಯಾವ ಉಂಗುರವೂ ಬೇಡ.

ಆದರೆ ಎರಡನೆಯ ನೊಣಕ್ಕೆ ಅದು ಕೊಕ್ಕು ತೆರೆಯಲಿಲ್ಲ.

ಸಂಜೆ ಮೂವರೂ ಅದನ್ನು ಕೆರೆಯ ದಡಕ್ಕೆ ಕೊಂಡುಹೋದಾಗ ಚಿಕ್ಗು ಕಾಯುತ್ತಿದ್ದರು. ಭಾನುಮತಿ ಡಬ್ಬಿ ತೆರೆದು ಅಂಗೈಯ ಮೇಲೆ ಅದನ್ನು ಕೂರಿಸಿಕೊಂಡಳು. ಮೇಲೆ ಆಕಾಶ ತುಂಬ ಅದರ ಬಳಗ ಇಳಿಯುತ್ತಿತ್ತು, ಚಿಲಿಪಿಲಿ ಎಂಬ ಒಂದೇ ಸದ್ದು. ಅದು ಕೇಳಿಸಿತೋ ಏನೋ, ಹಕ್ಕಿ ತಲೆಯೆತ್ತಿತು. ರೆಕ್ಕೆಗಳನ್ನು ಸ್ವಲ್ಪ ಬಿಡಿಸಿತು. ಅವಳ ಬೆರಳನ್ನು ಪುಟ್ಟ ಉಗುರುಗಳಿಂದ ಬಿಗಿಯಾಗಿ ಹಿಡಿದುಕೊಂಡಿತು. ಹೋಗು, ಹೋಗೇ ತಾಯಿ, ಹೋಗು ಎಂದು ಭಾನುಮತಿ ಪಿಸುಗುಟ್ಟುತ್ತಲೇ ಇದ್ದಳು. ಹಿಡಿತ ಸಡಿಲವಾಯಿತು. ತಲೆ ಒಂದು ಪಕ್ಕಕ್ಕೆ ವಾಲಿತು.

ಪೂರ್ವಿ ಅಪ್ಪನ ಹೆಗಲಿಗೆ ಮುಖ ಒತ್ತಿಕೊಂಡಳು. ಉಂಗುರವಿದ್ದ ಹಕ್ಕಿ ಸತ್ತರೆ ವರದಿ ಮಾಡಲೇಬೇಕು. ಹೊಸಬರಿಗೆ ಆ ನಿಯಮವನ್ನು ಬಾಯಿಪಾಠ ಮಾಡಿಸುತ್ತಿದ್ದವಳು ಭಾನುಮತಿಯೇ. ಚಿಕ್ಗು ಹಣೆಯ ದೀಪ ಹಚ್ಚಿ ಉಂಗುರದ ನಂಬರು ಓದಿಕೊಂಡು, ವರದಿ ತುಂಬಲು ಫೋನು ತೆಗೆದರು.

"ಉಂಗುರ ಹಾಕಿದ್ದು?"

"ನಾನು."

"ಹಕ್ಕಿ ಸಿಕ್ಕಿದ್ದು ಯಾರಿಗೆ?"

"ನನಗೇ."

"ಎಲ್ಲಿ?"

ಅವಳು ತಂತಿಯ ಕಡೆಗೆ ಕೈ ತೋರಿಸಿದಳು. ಮುಂದಿನದಕ್ಕೆ ಬಂದು ಚಿಕ್ಗುವಿನ ಬೆರಳು ನಿಂತಿತು. ಸಾವಿಗೆ ಕಾರಣ ಬರೆಯಬೇಕು. ಆ ಮುದುಕಿ ತಲೆಯೆತ್ತದೆ, ತುಂಬ ಮೆತ್ತಗೆ ಹೇಳಿದರು.

"ಮಳೆ ಅಂತ ಬರೀತೀನಿ ಬಾನು. ಸುಳ್ಳಲ್ಲ ಲಾ. ಮಳೆ ಬಂತಲ್ಲ."

ಹೂಂ ಎನ್ನಲು ಭಾನುಮತಿಯ ಜೀವ ಒದ್ದಾಡಿತು. ಹೂಂ ಎಂದರೆ ಯಾರೂ ಏನೂ ಅನ್ನುವವರಿರಲಿಲ್ಲ. ತಲೆಯ ಮೇಲೆ ಇನ್ನೂ ಹಕ್ಕಿಗಳು ಇಳಿಯುತ್ತಲೇ ಇದ್ದವು, ನಿನ್ನೆ ಇದ್ದವೇ ಎಲ್ಲ, ನಾಳೆಯೋ ನಾಡಿದ್ದೋ ಹೊರಡುವವು.

"ಮಳೆ ಎಲ್ಲದರ ಮೇಲೂ ಬಂತು ಟೀಚರ್" ಎಂದಳು. "ನನ್ನ ಕೈ ಅಂತ ಬರೀರಿ."